ಅಳಬಾರದ ಮನೆ

ಊರವರ ಸಾವಿಗೆಲ್ಲ ಅಳುವ ಅಜ್ಜಿಯೊಬ್ಬಳು ನಮ್ಮ ಮನೆಯಲ್ಲಿದ್ದಳು. ಅದೇ ಕಾರಣಕ್ಕೆ ಮಿಕ್ಕ ಯಾರೂ ನಮ್ಮ ಮನೆಯಲ್ಲಿ ಅಳುವಂತಿರಲಿಲ್ಲ. ತಮಿಳುನಾಡಿನ ಗಡಿಯ ಕೊಳತ್ತೂರಿನ ಸುತ್ತಮುತ್ತ ಯಾರು ತೀರಿಕೊಂಡರೂ ಸುದ್ದಿ ಹೊತ್ತ ಆಳು ಮೊದಲು ಬಂದು ನಿಲ್ಲುತ್ತಿದ್ದದ್ದು ನಮ್ಮ ಜಗಲಿಯ ಮುಂದೆ. ಹೆಣದ ಪಕ್ಕ ಕೂತು, ಸತ್ತವರ ಗುಣವನ್ನೂ ಉಳಿದವರ ಸಂಕಟವನ್ನೂ ರಾಗ ಎಳೆದು ಹೇಳಿಕೊಂಡು ಅಳುವುದಕ್ಕೆ ನಮ್ಮ ಕಡೆ ಒಪ್ಪಾರಿ ಎನ್ನುತ್ತಾರೆ. ತಮಿಳರ ಮನೆಯಲ್ಲಿ ತಮಿಳಿನಲ್ಲಿ, ನಮ್ಮವರ ಮನೆಯಲ್ಲಿ ಕನ್ನಡದಲ್ಲಿ, ಅಜ್ಜಿಗೆ ಎರಡೂ ಸಲೀಸು. ಕಲ್ಲಿನಂಥ ಗಂಡಸರೂ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಳ್ಳುವಂತೆ ಅಳಿಸಿ ಮನೆಗೆ ಬಂದು, ಹಿತ್ತಲಲ್ಲಿ ಸೀರೆಯ ಸಮೇತ ತಲೆಗೆ ನೀರು ಸುರಿದುಕೊಂಡು ಮುದ್ದೆಯ ಮುಂದೆ ಕೂತಳೆಂದರೆ ಅವಳ ಮಾತೇ ಬೇರೆ. ಆ ಮನೆಯ ಸೊಸೆ ಕೊಟ್ಟ ಕಾಫಿ ಬರೀ ನೀರು ಎಂದೋ, ಸತ್ತವನು ಬದುಕಿದ್ದಾಗ ಮಹಾ ಜಿಪುಣ ಎಂದೋ ಶುರುವಾಗುತ್ತಿತ್ತು. ಹಾಗಾದರೆ ಅತ್ತದ್ದು ಸುಳ್ಳಾ ಎಂದು ನಾನೊಮ್ಮೆ ಕೇಳಿದೆ.

"ಅಳೋವಾಗ ಅಳೋದು ದಿಟ, ಉಣ್ಣೋವಾಗ ಉಣ್ಣೋದು ದಿಟ. ಬಾಯ್ ಮುಚ್ಕೊಂಡು ಉಣ್ಣು" ಎಂದಳು.

ಆದರೆ ಆ ರಾಗ ನಮ್ಮ ಹೊಸಿಲು ದಾಟಿ ಒಳಗೆ ಬರಕೂಡದು. ಬದುಕಿರುವವರ ಸೂರಿನಡಿ ಒಪ್ಪಾರಿ ಎದ್ದರೆ ಅದು ಯಾರನ್ನಾದರೂ ಕರೆದುಕೊಂಡೇ ಹೋಗುತ್ತದೆ ಎಂದು ಅಜ್ಜಿಯ ನಂಬಿಕೆ. ಸತ್ತ ಕೋಳಿಮರಿಯೊಂದನ್ನು ಮಡಿಲಲ್ಲಿ ಹಾಕಿಕೊಂಡು ನಾನು ಆಟಕ್ಕೆ ರಾಗ ತೆಗೆದಾಗ ಸೌಟಿನಲ್ಲಿ ಬಿದ್ದ ಏಟು ಇವತ್ತಿಗೂ ನೆನಪಿದೆ. ರಾಗ ಹಾಗಿರಲಿ, ಬರೀ ಕಣ್ಣೀರಿಗೂ ಕಟ್ಟಳೆಗಳಿದ್ದವು. ಒಲೆ ಉರಿಯುವಾಗ ಅಳಬಾರದು, ದೀಪ ಹಚ್ಚಿದ ಮೇಲೆ ಅಳಬಾರದು, ಗಂಡಸರು ಹೊರಗೆ ಹೋಗಿರುವಾಗ ಅಳಬಾರದು. ಇಷ್ಟು ಕಳೆದರೆ ಉಳಿಯುವುದು ಎಷ್ಟು ಹೊತ್ತು? ಹೊಡೆತ ತಿಂದರೂ ನಾನು ತುಟಿ ಕಚ್ಚಿ ಹಿತ್ತಲಿನ ರಾಗಿಕಲ್ಲಿನ ಹಿಂದೆ ಹೋಗಿ ಕೂರುತ್ತಿದ್ದೆ. ಅಪ್ಪ ನನ್ನನ್ನು ಅಲ್ಲಿಂದ ಎತ್ತಿಕೊಂಡು ಬಂದು, "ಯಾಕವ್ವಾ ಗೌರಿ, ಯಾರ್ ಮ್ಯಾಗೆ ಕ್ವಾಪ?" ಎಂದು ಊರಿಗೆಲ್ಲ ಕೇಳುವಂತೆ ಕೇಳುತ್ತಿದ್ದ. ಅಪ್ಪನಿಗೆ ಮೆತ್ತಗೆ ಮಾತಾಡಲು ಬರುತ್ತಿರಲಿಲ್ಲ. ನಡುಮನೆಯಲ್ಲಿ ಕೂತು ಉಪ್ಪು ಕೇಳಿದರೆ ಹೊಲದಲ್ಲಿದ್ದ ಚಿಕ್ಕಪ್ಪನಿಗೂ ಕೇಳಿಸಬೇಕು.

ಅವ್ವ ಇದಕ್ಕೆ ತದ್ವಿರುದ್ಧ. ಅವಳ ತವರು ಕಾರಿಮಂಗಲದ ಕಡೆ. ಅವಳ ಕನ್ನಡದಲ್ಲಿ ತಮಿಳು ನಮಗಿಂತ ಒಂದು ಹಿಡಿ ಜಾಸ್ತಿ ಎಂದು ಅಜ್ಜಿ ಆಡಿಕೊಳ್ಳುತ್ತಿದ್ದಳು, ತಾನು ಆಡುವುದು ಏನೋ ಅಚ್ಚ ಕನ್ನಡವೆಂಬಂತೆ. ಅವ್ವ ಎದುರು ಮಾತಾಡುತ್ತಿರಲಿಲ್ಲ. ಅವಳದೆಂದು ಮನೆಯಲ್ಲಿ ಇದ್ದ ಒಂದೇ ಜಾಗ ನಡುಮನೆಯ ದೇವರ ಗೂಡು. ಹುಲಿಯ ಮೇಲೆ ಕೂತ ಮಾದಪ್ಪನ ಪಟ, ಎಣ್ಣೆ ಕುಡಿದು ಕಪ್ಪಾದ ಮಣ್ಣಿನ ದೀಪ. ಸೋಮವಾರ ಅವಳು ಉಪವಾಸ. ಸಂಜೆ ದೀಪ ಹಚ್ಚಿ ಕೈಮುಗಿದು ನಿಂತರೆ ತುಟಿ ಮಾತ್ರ ಅಲ್ಲಾಡುತ್ತಿತ್ತು, ಏನು ಕೇಳಿಕೊಳ್ಳುತ್ತಿದ್ದಳೋ ನಮಗೆ ತಿಳಿಯುತ್ತಿರಲಿಲ್ಲ. ಅಜ್ಜಿ ಅದಕ್ಕೂ ಅನ್ನುತ್ತಿದ್ದಳು: ಈ ಪಿಸುಮಾತು ಪಕ್ಕದಲ್ಲಿರೋ ನನಗೇ ಕೇಳಲ್ಲ, ಮಲೆ ಮೇಲಿರೋನಿಗೆ ಕೇಳುತ್ತಾ?

ನಮ್ಮೂರಿನ ಕೆಳಗೆ ಮೆಟ್ಟೂರು ಡ್ಯಾಮಿನ ಹಿನ್ನೀರು. ಬೇಸಿಗೆಯಲ್ಲಿ ನೀರು ಸರಿದ ಹಾಗೆಲ್ಲ ಜನ ಅದರ ಬೆನ್ನ ಹಿಂದೆಯೇ ಇಳಿದು, ತೆರವಾದ ಮೆಕ್ಕಲು ಮಣ್ಣಿನಲ್ಲಿ ಕಡಲೆಕಾಯಿ, ಎಳ್ಳು ಬಿತ್ತುತ್ತಾರೆ. ಗೊಬ್ಬರ ಬೇಡ, ಬೆಳೆ ತಾನಾಗಿ ಎದ್ದು ಬರುತ್ತದೆ. ಮೇಲೆ ಮೈಸೂರು ಸೀಮೆಯಲ್ಲಿ ಮಳೆ ಜೋರಾಗಿ ನೀರು ವಾಪಸು ಬರುವುದರೊಳಗೆ ಕಿತ್ತುಕೊಂಡು ಮೇಲೆ ಬರಬೇಕು, ಅಷ್ಟೇ. ಆ ವರ್ಷ ಆಡಿ ತಿಂಗಳು, ಅಂದರೆ ಆಷಾಢ, ಹುಟ್ಟುವುದಕ್ಕೆ ಮೊದಲೇ ಕೆಂಪು ನೀರು ಬಂದುಬಿಟ್ಟಿತು. ನಮ್ಮ ಹೊಲದಲ್ಲಿ ಒಂದು ದಿಬ್ಬ ಮಾತ್ರ ನೀರಿನ ನಡುವೆ ಒಣಗಿ ನಿಂತಿತ್ತು, ಅದರ ತುಂಬ ಕಡಲೆಗಿಡ. ಅಪ್ಪ ಮತ್ತು ಚಿಕ್ಕಪ್ಪ ಬೆಳಿಗ್ಗೆಯೇ ಪರಿಸಲು ತೆಗೆದುಕೊಂಡು ಹೋದರು. ಪರಿಸಲೆಂದರೆ ಬಿದಿರಿನಲ್ಲಿ ಹೆಣೆದ ದುಂಡು ದೋಣಿ. ಗಿಡದ ಹೊರೆಯನ್ನೂ ಇಬ್ಬರು ಆಳುಗಳನ್ನೂ ಅದು ಒಟ್ಟಿಗೆ ಹೊರುವುದಿಲ್ಲ. ಮೊದಲ ಹೊರೆ ಹಾಕಿಕೊಂಡು ಚಿಕ್ಕಪ್ಪ ದಡಕ್ಕೆ ಬಂದ. ಉಳಿದದ್ದನ್ನು ಕಿತ್ತಿಟ್ಟಿರುತ್ತೇನೆ, ಬಾ ಎಂದು ಅಪ್ಪ ದಿಬ್ಬದ ಮೇಲೆ ನಿಂತ. ಚಿಕ್ಕಪ್ಪ ಹೊರೆ ಇಳಿಸಿ ತಿರುಗುವಷ್ಟರಲ್ಲಿ ಗಾಳಿ ಎದ್ದಿತು. ಹುಟ್ಟು ಹಾಕಿದಷ್ಟೂ ಪರಿಸಲು ನಿಂತಲ್ಲೇ ಬುಗುರಿಯಂತೆ ಸುತ್ತಿತಂತೆ. ಗಾಳಿ ತಗ್ಗಿದ ಮೇಲೆ ಅವನು ಹೋಗಿ ನೋಡಿದರೆ ದಿಬ್ಬವೇ ಇರಲಿಲ್ಲ.

ಚಿಕ್ಕಪ್ಪ ಮನೆಗೆ ಬಂದು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತ. ಒದ್ದೆ ಬಟ್ಟೆಯಿಂದ ನೀರು ಹೊಸಿಲ ಮೇಲೆ ತೊಟ್ಟಿಕ್ಕುತ್ತಿತ್ತು. ಅವನ ಬಾಯಿಂದ ಎರಡು ಮಾತು ಬರುವುದರೊಳಗೆ ಅವ್ವನ ಗಂಟಲಲ್ಲಿ ಏನೋ ಹೊರಟಿತು. ಅಜ್ಜಿ ಒಂದೇ ಹೆಜ್ಜೆಗೆ ಬಂದು ಅವಳ ಬಾಯಿಗೆ ಕೈ ಒತ್ತಿದಳು.

"ಯಾರೂ ಕಣ್ಣಲ್ಲಿ ನೀರ್ ಆಕ್ಬಾರ್ದು. ನನ್ ಮಗ ಈಜ್ ಬಲ್ಲೋನು. ಯಾವ್ದೋ ಕಡೆ ದಡ ಅತ್ತಿರ್ತಾನೆ. ಒಲೆ ಅಚ್ಚು ಓಗು."

ಅಪ್ಪನಿಗೆ ಈಜು ಬರುತ್ತಿತ್ತು ನಿಜ. ಆ ಒಂದು ಮಾತು ನಮ್ಮನ್ನು ಸಾಯಲೂ ಬಿಡಲಿಲ್ಲ, ಬದುಕಲೂ ಬಿಡಲಿಲ್ಲ. ಅವನು ಆಚೆ ದಡದ ಯಾವುದೋ ಗುಡಿಸಲಲ್ಲಿ ಕೂತಿರಬಹುದು, ಕಾಡಿನಂಚಿನಲ್ಲಿ ದಾರಿ ಹುಡುಕುತ್ತಿರಬಹುದು. ಅವ್ವ ಒಲೆ ಹಚ್ಚಿದಳು. ಹುರುಳಿ ಸಾರು ಕುದಿಯಿತು, ಮುದ್ದೆ ಎದ್ದಿತು. ಅಜ್ಜಿ ಅಪ್ಪನ ತಟ್ಟೆ ಇಡಿಸಿ, ಅದರಲ್ಲಿ ಎರಡು ಮುದ್ದೆ ಹಾಕಿಸಿ, ನಮ್ಮನ್ನೂ ಸಾಲಾಗಿ ಕೂರಿಸಿದಳು. ಯಾರೂ ಅಪ್ಪನ ಹೆಸರು ಎತ್ತಬಾರದು, ಯಾರೂ ಆ ತಟ್ಟೆಯ ಕಡೆ ನೋಡಬಾರದು. ನಾನು ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಕೂತಿದ್ದೆ. ನನಗೆ ಅಪ್ಪ ಬರುವುದಿಲ್ಲ ಎಂಬುದಕ್ಕಿಂತ, ನಾನು ಅತ್ತರೆ ಅದರಿಂದಲೇ ಬರದೆ ಹೋಗುತ್ತಾನೆ ಎಂಬ ಭಯ. ಮಗುವಿನ ತಲೆಯ ಮೇಲೆ ಇಂಥ ಭಾರ ಹೊರಿಸಬಾರದು ಎಂದು ಈಗ ಅನ್ನಿಸುತ್ತದೆ, ಅಜ್ಜಿಯ ಮೇಲೆ ಈಗಲೂ ಸಿಟ್ಟು ಬರುತ್ತದೆ. ಆ ಮನೆಯಲ್ಲಿ ಅಳಲು ಅಪ್ಪಣೆ ಇದ್ದದ್ದು ಮೊಲೆ ಕುಡಿಯುವ ನನ್ನ ತಮ್ಮನಿಗೆ ಮಾತ್ರ. ಅವ್ವನ ಹಾಲು ಇಳಿಯದೆ ಅವನು ನಮ್ಮೆಲ್ಲರ ಪಾಲಿನದನ್ನೂ ಸೇರಿಸಿ ಅತ್ತ.

ಮಾರನೆ ದಿನ ಮೀನು ಹಿಡಿಯುವವರು ದೋಣಿ ಇಳಿಸಿದರು. ಚಿಕ್ಕಪ್ಪ ಅವರೊಂದಿಗೇ ನೀರಿನ ಮೇಲಿದ್ದ. ಹೆಂಗಸರು ಒಬ್ಬೊಬ್ಬರಾಗಿ ಬಂದು ನಮ್ಮ ಬೀದಿಯ ಬೇವಿನ ಮರದ ಕೆಳಗೆ ನಿಲ್ಲತೊಡಗಿದರು. ಅವರೆಲ್ಲ ಅಜ್ಜಿಯ ಜೊತೆ ಸಾವಿನ ಮನೆಗಳಲ್ಲಿ ಸುತ್ತ ಕೂತು ಸೊಲ್ಲು ಹಿಡಿಯುವವರು. ಅಂಗಳಕ್ಕೆ ಬಂದು ಕೂತರೆಂದರೆ ಸಾವು ಒಪ್ಪಿಕೊಂಡಂತೆ. ಪಕ್ಕದ ಮನೆಯ ಪಳನಿಯಮ್ಮ ಒಂದು ಹೆಜ್ಜೆ ಮುಂದೆ ಇಟ್ಟದ್ದೇ ತಡ, ಅಜ್ಜಿ ಪೊರಕೆ ಹಿಡಿದು ಜಗಲಿಗೆ ಬಂದಳು.

"ಯಾರ್ ಮನೆಗ್ ಬಂದ್ರಿ? ಇಲ್ಲಿ ಯಾರ್ಗೂ ಏನೂ ಆಗಿಲ್ಲ. ಓಗಿ, ಓಗಿ ನಿಮ್ ಕೆಲ್ಸ ನೋಡ್ರಿ."

ಅವರು ಮರದ ಕೆಳಗೆ ಹೋಗಿ ನಿಂತರು, ಮನೆಗೆ ಹೋಗಲಿಲ್ಲ. ಅಜ್ಜಿ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದಳು. ಅವ್ವ ಅಡಿಗೆಮನೆಯ ಗೋಡೆಗೆ ಒರಗಿ ಕೂತಿದ್ದಳು. ಕೊಟ್ಟ ನೀರನ್ನೂ ಮುಟ್ಟಲಿಲ್ಲ, ಕರೆದರೆ ತಿರುಗಿ ನೋಡಲಿಲ್ಲ. ನಾನು ಅವಳ ಕೈ ಹಿಡಿದೆ, ತಣ್ಣಗಿತ್ತು. ಅಪ್ಪ ನೀರಿನಲ್ಲಿ, ಅವ್ವ ಈ ಗೋಡೆಗೆ ಒರಗಿ, ಇಬ್ಬರೂ ಒಟ್ಟಿಗೇ ಹೋಗುತ್ತಿದ್ದಾರೆ ಎಂದು ನನಗೆ ಗಟ್ಟಿಯಾಗಿ ಅನ್ನಿಸಿತು.

ಅವತ್ತು ಸೋಮವಾರ. ಹೊತ್ತು ಇಳಿಯುವಾಗ ಅಜ್ಜಿ ಬಂದು, ಎದ್ದು ದೀಪ ಹಚ್ಚು, ಬಾಯಿಬಿಡದೆ ಬೇಡಿಕೋ ಎಂದಳು. ಅವ್ವ ಎದ್ದಳು. ತಲೆಗೆ ನೀರು ಹಾಕಿಕೊಂಡು ಬಂದು, ದೀಪಕ್ಕೆ ಎಣ್ಣೆ ಹೊಯ್ದು, ಬತ್ತಿ ಹಚ್ಚಿದಳು. ಯಾವಾಗಲೂ ಕೈಮುಗಿದು ನಿಲ್ಲುವವಳು ಅವತ್ತು ಪಟದ ಮುಂದೆ ಕಾಲು ಚಾಚಿ ಕೂತಳು. ಸಾವಿನ ಮನೆಯಲ್ಲಿ ಹೆಣದ ಪಕ್ಕ ಹೆಂಗಸರು ಕೂರುವುದು ಹಾಗೆ. ಸೆರಗನ್ನು ಎರಡು ಕೈಯಲ್ಲೂ ಒಡ್ಡಿದಳು. ನಾನು ಬಾಗಿಲ ಸಂದಿಯಲ್ಲಿ ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡು ನಿಂತಿದ್ದೆ. ಅವಳ ಬಾಯಿಂದ ಬಂದದ್ದು ಆ ರಾಗ, ಸೌಟಿನ ಏಟಿನ ರಾಗ.

"ಮಲೆ ಮ್ಯಾಲೆ ಕುಂತೋನೆ, ನೀರ್ ಏರಿದ್ದ ಕಾಣ್ಲಿಲ್ವಾ?
ದೀಪ ಅಚ್ಚಿದ ಕೈಯಿ ಇದು, ಈ ಕೈಯ ಮರ್ತ್ಯಲ್ಲಾ!
ಸೋಮಾರ ಸೋಮಾರ ಒಟ್ಟೇಯ ಕಟ್ಟಿದ್ದೆ,
ನಿನ್ಗೇ ಒಪ್ಪಾರಿ ಆಡ್ತೀನಿ, ನನ್ನಪ್ಪಾ, ನೀನ್ ಓದ್ಯಲ್ಲಾ!"

ಅಂಗಳದಲ್ಲಿದ್ದ ಅಜ್ಜಿ ಓಡಿ ಬಂದಳು. ಅವ್ವನ ತಲೆಯನ್ನು ಎದೆಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಬಾಯಿ ಮುಚ್ಚಲು ನೋಡಿದಳು.

"ಪಾಪಿ ಮುಂಡೆ, ಬದ್ಕಿರೋ ಗಂಡನ್ಗೆ ಒಪ್ಪಾರಿ ಆಡ್ತೀಯಾ? ನನ್ ಮಗುನ್ನ ನೀನೇ ಕಳಿಸ್ತಾ ಇದೀಯಾ?"

ಅವ್ವ ಆ ಕೈಯನ್ನು ಕಿತ್ತು ಪಕ್ಕಕ್ಕಿಟ್ಟಳು. ಅವಳಿಗೆ ಅಷ್ಟು ಬಲ ಇದ್ದದ್ದು ನನಗೆ ಗೊತ್ತಿರಲಿಲ್ಲ.

"ಬುಡಿ ಅತ್ತೆ. ಅವ್ರಿಗೆ ಆಡ್ಲಿಲ್ಲ ನಾನು. ಇವ್ನಿಗೆ ಆಡ್ದೆ, ಈ ಮಾದಪ್ಪನ್ಗೆ. ನಾನ್ ಇಷ್ಟ್ ಕೂಗ್ತಾ ಇದ್ರೂ ಕೇಳ್ದೆ ಇದ್ರೆ ಇವ್ನು ಸತ್ತಂಗೇ ತಾನೆ? ಸತ್ತೋರ್ಗೆ ಆಡ್ಬೋದು ಅಂತ ನೀವೇ ತಾನೆ ಏಳಿದ್ದು? ಬದ್ಕಿದ್ರೆ ಎದ್ದು ಬಂದು ನನ್ ಬಾಯ್ ಮುಚ್ಚಿಸ್ಲಿ."

ಅಜ್ಜಿ ಹಿಂದೆ ಸರಿದಳು. ಎಷ್ಟೋ ಊರುಗಳ ಹೆಣಗಳ ಮುಂದೆ ಬಾಯಿಗೆ ಬಂದದ್ದನ್ನು ರಾಗ ಮಾಡಿದವಳು, ಗೋಡೆ ಹಿಡಿದು ಕೂತುಬಿಟ್ಟಳು. ಅವ್ವ ಮತ್ತೆ ರಾಗ ಎತ್ತಿದಳು. ದನಿ ಒಡೆದು ಎಲ್ಲೆಲ್ಲೋ ಹೋಗುತ್ತಿತ್ತು. ಇಷ್ಟು ವರ್ಷ ತುಟಿಯೊಳಗೆ ಹೇಳಿಕೊಂಡದ್ದೆಲ್ಲ ಒಂದೇ ಸಲ ಬಂತು. ಮದುವೆಯಾಗಿ ಬಂದ ದಿನ ಮಾಡಿಕೊಂಡ ಹರಕೆ, ನನ್ನ ಮತ್ತು ತಮ್ಮನ ನಡುವೆ ಉಳಿಯದೆ ಹೋದ ಮಗು, ಗಂಡನ ಗಟ್ಟಿ ದನಿ. ನಿನ್ನ ಹುಲಿಗೆ ಈಜು ಬರುತ್ತಿರಲಿಲ್ಲವಾ ಎಂದು ಕೇಳಿದಳು.

ಹೊರಗೆ ಬೇರೆಯೇ ಗೊಂದಲ. ನಮ್ಮ ಮನೆಯಿಂದ ಒಪ್ಪಾರಿ ಕೇಳಿದ್ದೇ, ಬೇವಿನ ಮರದ ಕೆಳಗಿದ್ದವರು ಹೆಣ ಸಿಕ್ಕಿತೆಂದು ತಿಳಿದುಕೊಂಡರು. ಅಯ್ಯೋ ಎಂದು ತಲೆಗೂದಲು ಬಿಚ್ಚಿಕೊಂಡೇ ಓಡಿಬಂದರು. ಯಾರೋ ದಡಕ್ಕೆ ಸುದ್ದಿ ಮುಟ್ಟಿಸಿದ್ದರಿಂದ, ದೋಣಿ ಇಳಿದ ಚಿಕ್ಕಪ್ಪ ಎದೆ ಹಿಡಿದುಕೊಂಡು ಏರಿಯ ಮೇಲೆ ಓಡುತ್ತಿದ್ದ. ಇನ್ನು ಯಾರೋ ತಮಟೆಯವರನ್ನೇ ಕರೆಸಿಬಿಟ್ಟರು. ಅವರು ಬೀದಿಯ ತುದಿಯಲ್ಲಿ ತಮಟೆ ಕಾಯಿಸಲು ಹುಲ್ಲಿಗೆ ಬೆಂಕಿ ಹಾಕಿದ್ದು ನಮ್ಮ ಅಂಗಳಕ್ಕೆ ಕಾಣಿಸುತ್ತಿತ್ತು. ಪಳನಿಯಮ್ಮ ನನ್ನ ಭುಜ ಅಲ್ಲಾಡಿಸಿದಳು.

"ಎನ್ನಡಿ ಆಚ್ಚು, ಏನಾಯ್ತು? ಎಂಗಡಿ ಅಪ್ಪ? ಎಲ್ಲಿ ಮಲ್ಗಿಸವ್ರೆ?"

"ಅಪ್ಪ ಸಿಕ್ಕಿಲ್ಲ. ಅವ್ವ ದ್ಯಾವ್ರಿಗೆ ಅಳ್ತಾ ಅವ್ಳೆ" ಎಂದೆ.

ಅವಳು ನನ್ನನ್ನು ನೋಡಿದಳು, ಒಳಗೆ ಅವ್ವನನ್ನು ನೋಡಿದಳು. ಆಮೇಲೆ ಅವಳು ಮಾಡಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ತಮಟೆಯವರಿಗೆ ಬೇಡವೆಂದು ಕೈ ಬೀಸಿ, ಒಳಗೆ ಬಂದು, ಅವ್ವನ ಪಕ್ಕದಲ್ಲಿ ಅದೇ ರೀತಿ ಕಾಲು ಚಾಚಿ ಕೂತು, ಪಟದ ಕಡೆ ಮುಖ ಮಾಡಿ, ತನ್ನ ತಮಿಳಿನಲ್ಲಿ ತನ್ನ ದೂರು ಶುರುಮಾಡಿದಳು. ಅವಳ ಹಿರಿಮಗಳು ಹೆರಿಗೆಯಲ್ಲಿ ಹೋಗಿದ್ದಳು. ಅವಳ ಹಿಂದೆ ಇನ್ನೊಬ್ಬಳು ಬಂದಳು, ಮತ್ತೊಬ್ಬಳು ಬಂದಳು. ನಡುಮನೆ ತುಂಬಿತು. ಒಬ್ಬೊಬ್ಬರೂ ಮಾದಪ್ಪನನ್ನು ಎದುರಿಗೆ ಮಲಗಿಸಿಕೊಂಡವರಂತೆ ಕೇಳಿದರು: ನೀನು ಎಲ್ಲಿ ಹೋಗಿದ್ದೆ, ಯಾವ ನಿದ್ದೆಯಲ್ಲಿದ್ದೆ, ನಾವು ಕೂಗಿದ್ದು ನಿನಗೆ ಯಾಕೆ ಕೇಳಿಸಲಿಲ್ಲ. ಆ ಗದ್ದಲದ ಮಧ್ಯೆ ನನಗೂ ಅಳು ಬಂತು, ಯಾರೂ ತಡೆಯಲಿಲ್ಲ. ನಾನು ಅಪ್ಪಾ ಎಂದು ಕೂಗಿದೆ. ಹಿಂದಿನ ದಿನದಿಂದ ಆ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತಿರಲಿಲ್ಲ. ಭಯ ಹೋಗಲಿಲ್ಲ, ಆದರೆ ಅದು ನನ್ನೊಬ್ಬಳದೇ ಆಗಿ ಉಳಿಯಲಿಲ್ಲ.

ಅಜ್ಜಿ ಮಾತ್ರ ಅಳಲಿಲ್ಲ. ಬಾಯಿ ಬಿಗಿಹಿಡಿದು ಕೂತೇ ಇದ್ದಳು. ದೀಪದ ಎಣ್ಣೆ ಮುಗಿಯುವ ಹೊತ್ತಿಗೆ ಅವ್ವ ಕಣ್ಣು ಒರೆಸಿಕೊಂಡು, ಗಂಜಿ ಕೊಡು ಎಂದು ನನ್ನನ್ನು ಕೇಳಿದಳು. ಚೊಂಬಿನಷ್ಟು ಕುಡಿದಳು. ತಮ್ಮನನ್ನು ಮಡಿಲಿಗೆ ಹಾಕಿಕೊಂಡಳು. ಅವನು ಸ್ವಲ್ಪ ಹೊತ್ತು ಎಳೆದಾಡಿ, ಆಮೇಲೆ ಸುಮ್ಮನಾಗಿ ಕುಡಿಯತೊಡಗಿದ.

ಅಪ್ಪ ಬದುಕಿ ಬಂದ ಎಂದು ಬರೆಯಲು ನನಗೂ ಆಸೆ. ಮಾರನೆ ಬೆಳಿಗ್ಗೆ ಮೀನಿನವರು ಅವನನ್ನು ಬಿದಿರಿನ ಮೇಲೆ ಮಲಗಿಸಿ ತಂದರು. ಅಂಗಳದಲ್ಲಿ ಇಳಿಸಿದರು. ಊರೆಲ್ಲ ಅಜ್ಜಿಯ ಬಾಯಿ ನೋಡಿತು. ಅಜ್ಜಿ ಮಗನ ತಲೆಯ ಹತ್ತಿರ ಕೂತು ಬಾಯಿ ತೆರೆದಳು, ದನಿ ಬರಲಿಲ್ಲ. ಮತ್ತೆ ತೆರೆದಳು. ಗಾಳಿ ಮಾತ್ರ ಹೊರಟಿತು. ಕಣ್ಣು ಒಣಗಿ ಹೋಗಿತ್ತು, ಕೈ ಸುಮ್ಮನೆ ಅಪ್ಪನ ಕೂದಲಲ್ಲಿದ್ದ ಮಣ್ಣು ಬಿಡಿಸುತ್ತಿತ್ತು. ಅವ್ವ ಹೋಗಿ ಅವಳನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಒಂದೊಂದೇ ಸಾಲು ತಾನು ಹೇಳಿ, ಅಜ್ಜಿಯ ಬೆನ್ನು ತಟ್ಟಿ, ಹೇಳಿ ಅತ್ತೆ, ಹೇಳಿ ಅತ್ತೆ ಎಂದಳು. ಮಗುವಿಗೆ ಮಾತು ಕಲಿಸುವ ಹಾಗೆ. ಬಹಳ ಹೊತ್ತಿನ ಮೇಲೆ ಅಜ್ಜಿ ಒಂದು ಪದ ಹಿಡಿದುಕೊಂಡಳು, ಆಮೇಲೆ ಅವಳನ್ನು ನಿಲ್ಲಿಸಲು ಯಾರಿಂದಲೂ ಆಗಲಿಲ್ಲ.

ಮುಂದಿನ ಸೋಮವಾರ ಅವ್ವ ಮತ್ತೆ ದೀಪಕ್ಕೆ ಎಣ್ಣೆ ಹೊಯ್ದಳು.  ಪಟವನ್ನು ತೆಗೆದು ತಿಪ್ಪೆಗೆ ಎಸೆಯುತ್ತೇನೆ ಎಂದು ನಾನು ಕೂಗಾಡಿದೆ. ಸತ್ತವನೆಂದು ನೀನೇ ಹಾಡಿದೆಯಲ್ಲ, ಸತ್ತವನಿಗೆ ಯಾಕೆ ದೀಪ ಎಂದೆ. ಅವ್ವ ಬೈಯಲಿಲ್ಲ. ಬತ್ತಿ ಹೊಸೆಯುತ್ತಲೇ ಹೇಳಿದಳು.

"ಅವ್ರನ್ನ ಯಾಕ್ ಕಳ್ಸಿಕೊಡ್ಲಿಲ್ಲ ಅಂತ ನಂಗೊತ್ತಿಲ್ಲ ಕಣೇ. ಅದ್ನ ಕೇಳ್ತಾನೇ ಇರ್ತೀನಿ, ಬುಡಲ್ಲ. ಆದ್ರೆ ಅವತ್ತು ಅಷ್ಟ್ ಬೈದ್ನಲ್ಲಾ, ಇವ್ನು ಎದ್ದೋಗ್ಲಿಲ್ಲ. ನಾನ್ ಮುಗಿಸೋಗಂಟ ಕುಂತಿದ್ದ. ಸತ್ತಿದ್ರೆ ನಂಗೆ ಆ ಗಂಜಿ ಒಳಗ್ ಇಳೀತಾ ಇರ್ಲಿಲ್ಲ."

ಇದನ್ನು ನಂಬಿಕೆ ಎನ್ನಬೇಕೋ ಹಟ ಎನ್ನಬೇಕೋ ಆಗ ತಿಳಿಯಲಿಲ್ಲ. ನಾನು ಮುಂದೆ ಟೀಚರಾದೆ, ತಮಿಳಿನಲ್ಲಿ ಪಾಠ ಮಾಡಿದೆ, ಮದುವೆಯಾದ ಮೇಲೆ ಗಂಡನ ಪುಸ್ತಕಗಳನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿ ಕನ್ನಡ ಬರೆಯಲು ಕಲಿತೆ. ದೊಡ್ಡ ದೊಡ್ಡವರ ಪ್ರವಚನಗಳನ್ನೂ ಕೇಳಿದ್ದೇನೆ. ದೇವರ ಮುಂದೆ ದೂರಬಾರದು, ಕೊಟ್ಟದ್ದನ್ನು ಶಾಂತವಾಗಿ ಒಪ್ಪಿಕೊಳ್ಳಬೇಕು ಎಂದು ಅವರು ಹೇಳುವಾಗ ನಾನು ಮರ್ಯಾದೆಗೆ ತಲೆಯಾಡಿಸುತ್ತೇನೆ, ಅಷ್ಟೇ. ಈಚೆಗೆ ನನ್ನ ಗಂಡ ಉಸಿರಿಗೆ ಒದ್ದಾಡುತ್ತ ಸೇಲಂನ ಆಸ್ಪತ್ರೆಯೊಂದರಲ್ಲಿ ಮಲಗಿದ್ದಾಗ, ವರಾಂಡದ ಕಿಟಕಿ ಹಿಡಿದುಕೊಂಡು ಮಾದಪ್ಪನನ್ನು ಬಾಯಿತುಂಬ ಬೈದಿದ್ದೇನೆ. ಪಕ್ಕದಲ್ಲಿ ಕೂತಿದ್ದ ಹುಡುಗಿ ಹೆದರಿ ಎದ್ದು ಹೋದಳು. ನನಗೆ ಗೊತ್ತಿರುವ ಪ್ರಾರ್ಥನೆ ಅದೊಂದೇ.

ಮರುವರ್ಷ ನೀರು ಸರಿಯಿತು. ನಮ್ಮ ಹೊಲ ಮೊದಲು, ಆ ದಿಬ್ಬ ಅದಕ್ಕೂ ಮೊದಲು ಮೇಲೆ ಬಂತು. ಅಲ್ಲಿ ಕಾಲಿಡುವುದೇ ಬೇಡ ಎಂದು ಚಿಕ್ಕಪ್ಪನ ಮನಸ್ಸು. ಆದರೂ ಅವ್ವ ಹೊರಟಳೆಂದು ಅವನೂ ಎತ್ತು ಹೊಡೆದುಕೊಂಡು ಬಂದ. ಸಾಲು ಹೊಡೆದು ನಿಲ್ಲಿಸಿ, ಮೊದಲ ಬೀಜವನ್ನು ಮುತ್ತೈದೆಯೇ ಹಾಕುವುದು ವಾಡಿಕೆ, ಪಳನಿಯಮ್ಮನನ್ನು ಕರೆಯಲಾ ಎಂದು ನೆಲ ನೋಡುತ್ತ ಕೇಳಿದ. ಬದುವಿನ ಮೇಲೆ ಕೂತಿದ್ದ ಅಜ್ಜಿ, ಅವಳ ಗಂಡನನ್ನು ತಿಂದ ನೆಲ, ಅವಳೇ ಹಾಕಲಿ ಎಂದಳು. ಅವ್ವ ಮಡಿಲಿಗೆ ಕಡಲೆಬೀಜ ಸುರಿದುಕೊಂಡು ಸಾಲಿನ ತುದಿಯಲ್ಲಿ ನಿಂತಳು. ಮಾದಪ್ಪನ ಮಲೆಗಳ ಕಡೆ ಮುಖ ತಿರುಗಿಸಿದಳು. ಈ ಸಲ ನೀರು ಬಿಡುವ ಮುಂಚೆ ನೋಡು, ನೋಡದೆ ಇದ್ದರೆ ನಿನ್ನನ್ನು ಸುಮ್ಮನೆ ಬಿಡುವುದಿಲ್ಲ ಎಂದು ಏನೋ ಶುರುಮಾಡಿದಳು. ಎಲ್ಲರೂ ನೋಡುತ್ತಿದ್ದರಿಂದಲೋ ಏನೋ ದನಿ ಮತ್ತೆ ತುಟಿಯೊಳಗೇ ಇತ್ತು, ಅದನ್ನೂ ಗಾಳಿ ಹೊತ್ತುಕೊಂಡು ಹೋಗುತ್ತಿತ್ತು. ಅಜ್ಜಿ ಕೋಲೂರಿ ಎದ್ದು ನಿಂತಳು.

"ಇಷ್ಟ್ ಮೆತ್ಗೆ ಅಂದ್ರೆ ಮಲೆ ಮುಟ್ತದಾ? ಗಟ್ಟಿಯಾಗ್ ಬೈಯವ್ವಾ, ಅವ್ನು ಕೇಳಿಸ್ಕೊಳ್ಲಿ!"

ಅವ್ವ ಗಟ್ಟಿಯಾಗಿ ಬೈದಳು. ಆಮೇಲೆ ಬಗ್ಗಿ ಬೀಜ ಹಾಕಿದಳು.